ಕಡಲೆ ಗಾಡಿಗೆ ಬೇಡಿಕೆ ಇರಲಿಲ್ಲ ಎಂದವರು

ಸರ್ ತೀರಿಕೊಂಡು ಮೂರು ತಿಂಗಳಾಯಿತು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹೀಗೆ ಬಾಯಿ ಬಿಟ್ಟು ಹೇಳುವುದು ಚೆಂದವಲ್ಲ ಅಂತ ನನಗೂ ಗೊತ್ತು. ಬೈಲಹೊಂಗಲದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಹತ್ತು ಹನ್ನೊಂದು ಜನ ಮಾತಾಡಿದರು. ಶಿಸ್ತಿನ ಸಿಪಾಯಿ ಎಂದರು, ನಡೆದಾಡುವ ಗ್ರಂಥಾಲಯ ಎಂದರು, ಅವರ ಒಂದು ಕ್ಲಾಸಿಗೂ ಕೂತಿರದ ಒಬ್ಬ ಪುಢಾರಿ ಕಣ್ಣೊರೆಸಿಕೊಂಡ. ನನ್ನ ಸರದಿ ಬಂದಾಗ ಎರಡು ವಾಕ್ಯ ಹೇಳಿ ಕೂತುಬಿಟ್ಟೆ. ಈಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ, ನೀವು ಅವರಿಗೆ ಬಹಳ ಹತ್ತಿರದವರು, ನಾಲ್ಕು ಪುಟ ಬರೆದುಕೊಡಿ ಅಂತ ಬೆನ್ನು ಹತ್ತಿದ್ದಾರೆ. ಮೊದಲು ಬರೆದ ನಾಲ್ಕು ಪುಟ ಬಹಳ ಚೆನ್ನಾಗಿದ್ದವು. ಓದಿ ನೋಡಿದೆ, ಅದರಲ್ಲಿ ಇದ್ದವರು ನಮ್ಮ ಸರ್ ಆಗಿರಲಿಲ್ಲ. ಹರಿದು ಹಾಕಿದೆ. ಇದು ಎರಡನೆಯ ಸಲದ್ದು.

ಹೆಸರು ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕಿನಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಎರಡು ಪ್ಯಾರಾ ಓದುವಷ್ಟರಲ್ಲಿ ಗುರುತು ಸಿಗುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಗಿಡ್ಡ ಆಳು, ಅಚ್ಚ ಬಿಳಿ ಅಂಗಿ, ಜೇಬಿನಲ್ಲಿ ಎರಡು ತುದಿ ಚೂಪು ಮಾಡಿದ ಒಂದು ಪೆನ್ಸಿಲ್. ಸೀಮೆಸುಣ್ಣ ಹಿಡಿಯುವ ಮೊದಲು ಅದಕ್ಕೊಂದು ಕಾಗದದ ಚೂರು ಸುತ್ತುತ್ತಿದ್ದರು, ಬೆರಳು ಬೆಳ್ಳಗಾಗಬಾರದು ಅಂತ. ನಮ್ಮತ್ತ ಮುಖ ಮಾಡಿಕೊಂಡೇ ಬೋರ್ಡಿನ ಮೇಲೆ ಬೇಡಿಕೆಯ ರೇಖೆಯನ್ನು ಎಡದಿಂದ ಬಲಕ್ಕೆ ಸರ್ರನೆ ಇಳಿಸುತ್ತಿದ್ದರು. ಒಂದು ದಿನವೂ ಅದು ಸೊಟ್ಟಗಾದದ್ದನ್ನು ನಾನು ನೋಡಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೇಳಿದವರನ್ನೇ ಒಂದು ಗಳಿಗೆ ನೋಡಿ, ಆಮೇಲೆ ಉತ್ತರ ಹೇಳುತ್ತಿದ್ದರು. ದಡ್ಡ ಪ್ರಶ್ನೆಗೂ ಅಷ್ಟೇ ಮರ್ಯಾದೆ. ಕೊನೆಯ ಬೆಂಚಿನ ಹುಡುಗ ಕೇಳಿದ್ದಕ್ಕೆ ಉತ್ತರ ಹೊಳೆಯದಿದ್ದರೆ, "ನಾಳಿ ಹೇಳತೇನಿ" ಎಂದು, ನಾಳೆ ಬಂದು ಮೊದಲ ಮಾತಿಗೇ ಅದನ್ನು ಹೇಳುತ್ತಿದ್ದರು. ಅಂಥ ಮೇಷ್ಟ್ರು ಮತ್ತೆ ನನಗೆ ಸಿಗಲಿಲ್ಲ.

ಸಂತೆಯಲ್ಲಿ ಅವರು ಚೌಕಾಸಿ ಮಾಡುತ್ತಿರಲಿಲ್ಲ. ಬದನೆಕಾಯಿಯವಳು ಹೇಳಿದ ದರಕ್ಕೆ ಹೂಂ ಅಂದು ಚೀಲ ಒಡ್ಡುತ್ತಿದ್ದರು. "ದರ ಅಂದ್ರ ಏನವಾ? ನೂರಾರು ಮಂದಿ ಕೂಡಿ ಹೇಳಿದ ಮಾತು. ಅದರ ಮುಂದ ನಂದೊಂದು ಏನಿಡಲಿ?" ಎನ್ನುವುದು ಅವರ ವಾದ. ಈ ವಾದ ಸಂತೆಯ ಹೆಂಗಸರಿಗೆಲ್ಲ ಗೊತ್ತಾಗಿ, ಸರ್ ದೂರದಲ್ಲಿ ಕಂಡ ಕೂಡಲೇ ನೂರಾರು ಮಂದಿ ಕೂಡಿ ಹೇಳಿದ ಮಾತು ಸ್ವಲ್ಪ ಮೇಲೇರುತ್ತಿತ್ತು. ಕೊನೆಗೆ ಅವರ ಹೆಂಡತಿ ಚೀಲವನ್ನೇ ಮುಚ್ಚಿಟ್ಟು, ತರಕಾರಿಗೆ ತಾವೇ ಹೋಗತೊಡಗಿದರು.

ಅವರನ್ನು ನಾವೆಲ್ಲ ಅಮ್ಮ ಅನ್ನುತ್ತಿದ್ದೆವು, ಬಹಳ ತಮಾಷೆಯ ಹೆಂಗಸು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಹೊಸ ಮಿಕ್ಸರ್ ಇತ್ತು. ಓಣಿಯಲ್ಲೆಲ್ಲ ಮಿಕ್ಸರ್ ಬಂದು ಎಷ್ಟೋ ವರ್ಷವಾಗಿತ್ತು. ಹೊಸದೇನ್ರಿ ಎಂದು ಕೇಳಿದ್ದಕ್ಕೆ ಅವರು, "ನಮ್ಮ ಮನಿಗಿ ಹೊಸಾದು, ತಂಗಿ. ಓಣ್ಯಾಗ ಹನ್ನೆರಡ ಮನ್ಯಾಗ ಬಂದು, ಎರಡ ಮನ್ಯಾಗ ಸುಟ್ಟು, ಒಬ್ಬರದು ರಿಪೇರಿ ಆಗಿ ಬಂದ ಮ್ಯಾಲ ನಿಮ್ಮ ಸರ್ ಒಪ್ಪಿದ್ರು. ಅಲ್ಲಿತನಾ ನಾ ಒಳಕಲ್ಲ ತಿರುವಿದ್ನಿ" ಅಂದರು. ಸರ್ ಪಡಸಾಲೆಯಿಂದಲೇ, "ಮಂದಿ ತಪ್ಪು ಮಾಡಿ ಕಲತದ್ದು ನಮಗ ಪುಕ್ಕಟ ಸಿಗತೈತಿ ಅಂದ್ರ ಯಾಕ ಬ್ಯಾಡ ಅನ್ನಬೇಕು?" ಎಂದು ಕೂಗಿದರು. ನಾನು ಹೊಟ್ಟೆ ತುಂಬ ನಕ್ಕೆ. ಆಗ ನನಗೆ ಇಪ್ಪತ್ತು ವರ್ಷ.

ನಾನು ಇವತ್ತು ಇದೇ ವಿಷಯ ಪಾಠ ಮಾಡಿ ಉಣ್ಣುತ್ತಿದ್ದೇನೆ ಅಂದರೆ ಅದಕ್ಕೂ ಅವರೇ ಕಾರಣ. ಬಿ.ಎ. ಮುಗಿದಾಗ ನಮ್ಮಪ್ಪ ಸಾಕು ಅಂದಿದ್ದರು. ಸರ್ ನಮ್ಮೂರು ಸಂಪಗಾಂವಕ್ಕೆ ಬಸ್ಸಿನಲ್ಲಿ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು, ಬಹಳ ಹೊತ್ತು ಶೇಂಗಾದ ಬಗ್ಗೆ, ಮಳೆಯ ಬಗ್ಗೆ ಮಾತಾಡಿ, ಎದ್ದು ನಿಂತ ಮೇಲೆ, "ಯಜಮಾನ್ರ, ಈಕಿನ್ನ ಧಾರವಾಡಕ್ಕ ಕಳಸ್ರಿ. ಏನಾರ ಹೆಚ್ಚುಕಮ್ಮಿ ಆದ್ರ ನನ್ನ ಕೇಳ್ರಿ" ಅಂದರು. ನಮ್ಮ ಓಣಿಯಿಂದ ಎಂ.ಎ. ಓದಲು ಧಾರವಾಡಕ್ಕೆ ಹೋದ ಹುಡುಗಿ ಅದಕ್ಕಿಂತ ಮುಂಚೆ ಒಬ್ಬಳೂ ಇರಲಿಲ್ಲ. ಹೋದ ವರ್ಷ ಎಷ್ಟು ಹುಡುಗಿಯರು ಹೋಗಿದ್ದರು ಅಂತ ಅವತ್ತು ಅವರು ಕೇಳಲಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಇನ್ನೂ ಏರುತ್ತದೆ. ಮನುಷ್ಯರ ಮೇಲೆ ಅಷ್ಟು ಭರವಸೆ ಇದ್ದವರಿಗೆ ಮನುಷ್ಯರು ಮಾಡಿದ ಒಂದು ಗಾಡಿಯ ಮೇಲೆ ಯಾಕೆ ಬರಲಿಲ್ಲ?

ಯಾಕೆ ಅನ್ನುವುದನ್ನು ಅವರೇ ಒಮ್ಮೆ ಹೇಳಿದ್ದರು. ಹೊಸದಾಗಿ ನೌಕರಿಗೆ ಸೇರಿದ ಕಾಲಕ್ಕೆ ಹಳ್ಳಿ ಮನೆಗಳಿಗೆ ಹೊಗೆಯಿಲ್ಲದ ಒಲೆ ಹಾಕಿಕೊಡುವ ಒಂದು ಯೋಜನೆ ಬಂದಿತ್ತು. ಸರ್ ಆಗ ಉರಿಯುವ ವಯಸ್ಸಿನವರು. ರಜೆಯಲ್ಲೆಲ್ಲ ಹಳ್ಳಿ ಹಳ್ಳಿ ತಿರುಗಿ, ಮನೆ ಮನೆ ಬಾಗಿಲಿಗೆ ನಿಂತು, ಹೊಗೆಯಿಂದ ಕಣ್ಣು ಹೋಗುತ್ತದೆ, ಎದೆ ಹೋಗುತ್ತದೆ ಅಂತ ಹೇಳಿ ಹೇಳಿ ಒಲೆ ಹಾಕಿಸಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಒಲೆಗಳು ಬಿರುಕು ಬಿಟ್ಟವು, ಕೊಳವೆ ಕಟ್ಟಿಕೊಂಡವು. ಮರುವರ್ಷ ಸರ್ ಹೋದಾಗ ಒಬ್ಬ ಮುದುಕಿ ಅವರನ್ನು ಒಳಗೆ ಕರೆದು, ಒಲೆಯ ಬಾಯಿ ತೋರಿಸಿ, "ನಿಮ್ಮ ಒಲಿ ನಮ್ಮ ಕೋಳಿಗಿ ಭಾಳ ಛಲೋ ಆಗೇತ್ರಿ ಸರ. ದಿನಾ ಅಲ್ಲೇ ತತ್ತಿ ಇಡತೈತಿ" ಅಂದಳಂತೆ. ಕುಚೋದ್ಯವಲ್ಲ, ನಿಜವಾಗಿ ಉಪಕಾರ ಸ್ಮರಿಸಿ ಹೇಳಿದ್ದು.

"ಅವತ್ತ ತಿಳೀತು ನನಗ" ಎಂದು ಸರ್ ಈ ಕಥೆ ಮುಗಿಸುತ್ತಿದ್ದರು. "ಮಂದೀಗಿ ಏನ ಬೇಕು ಅನ್ನೂದು ಮಂದೀಗಿ ಗೊತ್ತಿರತೈತಿ. ಸರಕಾರ ಅದನ್ನ ಕುಂತಲ್ಲೇ ಠರಾಯಿಸಬಾರದು. ಖರೇನ ಬೇಕಾಗಿದ್ರ ಅವರ ಕೊಳ್ಳತಾರ. ಕೊಳ್ಳಲಿಲ್ಲ ಅಂದ್ರ ಬ್ಯಾಡಾಗೇತಿ ಅಂತ ಅರ್ಥ."

ನಾನು ಆ ಕಥೆಯನ್ನು ಹತ್ತು ಸಲವಾದರೂ ಕೇಳಿರಬೇಕು. ಒಂದು ಸಲವೂ, ಸರ್, ಬಿರುಕು ಬಿಟ್ಟ ಒಲೆಗೆ ಮಣ್ಣು ಮೆತ್ತಲು ಯಾರಾದರೂ ಹೋಗಿದ್ದರೇ ಅಂತ ನನ್ನ ಬಾಯಿಂದ ಬರಲಿಲ್ಲ. ಒಲೆ ಕೆಟ್ಟದ್ದು ಸರಕಾರ ಕೊಟ್ಟಿತು ಅಂತ ಅಲ್ಲ. ಕೊಟ್ಟು, ಪಟ್ಟಿಯಲ್ಲಿ ಗೀಟು ಹಾಕಿ, ತಿರುಗಿ ನೋಡದೆ ಹೋದರು ಅಂತ. ಮೊದಲ ಒಲೆಯ ತಪ್ಪನ್ನು ಆ ಮುದುಕಿಯನ್ನೇ ಕೇಳಿ ಎರಡನೆಯದರಲ್ಲಿ ತಿದ್ದಿದ್ದರೆ ಕೋಳಿ ಬೇರೆ ಜಾಗ ಹುಡುಕಿಕೊಳ್ಳುತ್ತಿತ್ತು. ಸರ್ ಅಷ್ಟು ಬುದ್ಧಿವಂತರು, ಅಷ್ಟು ಪ್ರಾಮಾಣಿಕರು, ಒಂದು ಪೆಟ್ಟಿನಿಂದ ಒಂದು ಪಾಠ ಕಲಿತು ಅದನ್ನೇ ನಲವತ್ತು ವರ್ಷ ಹಿಡಿದುಕೊಂಡು ಕೂತರು.

ಈಗ ಗಾಡಿಯ ವಿಷಯ. ಸರ್ ನಿವೃತ್ತರಾಗಿದ್ದರು. ನಾನು ಅವರದೇ ಜಾಗದಲ್ಲಿ ಪಾಠ ಮಾಡುತ್ತಿದ್ದೆ. ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ನಾಲ್ಕೂ ತಾಲೂಕಿಗೆ ಸೇರಿ ಒಂದು ಸಮಿತಿ ಮಾಡಿ, ಹೊಸ ಹೊಸ ಸಾಧನ ಕಂಡುಹಿಡಿಯುವವರಿಗೆ ನೆರವಾಗಿ ಅಂತ. ಇಂಥ ಸುತ್ತೋಲೆ ಮೊದಲೂ ಬರುತ್ತಿದ್ದವು. ಆದರೆ ಇದರ ಧಾಟಿಯೇ ಬೇರೆ ಇತ್ತು. ಅಂಗಡಿಯಲ್ಲಿ ಸಿಗುವ ಯಂತ್ರಕ್ಕೆ ಸಬ್ಸಿಡಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ನಿಮ್ಮ ಭಾಗದ ಜನರ ಒಂದು ತೊಂದರೆಯನ್ನು ಮೊದಲು ಆರಿಸಿಕೊಳ್ಳಿ. ಅದನ್ನು ನೀಗಲು ಈಗಾಗಲೇ ಒದ್ದಾಡುತ್ತಿರುವವರನ್ನು ಹುಡುಕಿ. ಮೂರು ಹಂಗಾಮು ಅವರ ಜೊತೆ ನಿಲ್ಲಿ. ಮಾಡಿದ್ದು ಕೆಟ್ಟರೆ ತಿದ್ದಲು ಬಿಡಿ, ಕೆಟ್ಟದ್ದು ಅಪರಾಧವಲ್ಲ. ಕೊಳ್ಳುವವರು ಯಾರೂ ಇಲ್ಲದಿದ್ದರೆ ಮೊದಲು ನೀವೇ ಕೊಂಡು, ಬಳಸುವವರ ಕೈಗೆ ಕೊಡಿ. ಸರಕಾರಿ ಕಾಗದ ಓದಿ ಖುಷಿಯಾದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅಧ್ಯಕ್ಷರು ಯಾರಾಗಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಅರ್ಥಶಾಸ್ತ್ರ ಬಲ್ಲ ಹಿರಿಯರು, ಕಳಂಕವಿಲ್ಲದವರು ಎಂದರೆ ನಮ್ಮ ಸರ್. ನಾನು ಕಾರ್ಯದರ್ಶಿ. ಬ್ಯಾಂಕಿನ ಕಡೆಯಿಂದ ಒಬ್ಬರು, ಕೃಷಿಯ ಕಡೆಯಿಂದ ಒಬ್ಬರು. ಅವರಿಬ್ಬರೂ ಸರ್ ಕಡೆ ನೋಡದೆ ಚಹಾಕ್ಕೂ ಹೂಂ ಅನ್ನುತ್ತಿರಲಿಲ್ಲ. ಸುತ್ತೋಲೆಯನ್ನು ಸರ್ ಪೆನ್ಸಿಲ್ ಹಿಡಿದು ಓದಿದರು. ವಾಪಸು ಕೊಟ್ಟಾಗ ಪ್ರತಿ ಪ್ಯಾರಾದ ಪಕ್ಕದಲ್ಲೂ ಸಣ್ಣದೊಂದು ಪ್ರಶ್ನೆ ಚಿಹ್ನೆ ಇತ್ತು. "ಬರದಾವ ಭಾಳ ಓದ್ಯಾನ" ಅಂದರು, "ಆದ್ರ ಒಂದೂ ಒಲಿ ಹಾಕಿಸಿದಂಗ ಕಾಣಂಗಿಲ್ಲ."

ಮೊದಲ ಎರಡು ಸಭೆಗಳಲ್ಲಿ ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ. "ಹೋದ ಹಂಗಾಮಿನ್ಯಾಗ ಇದನ್ನ ಎಷ್ಟ ಮಂದಿ ತೊಗೊಂಡಾರ?" ಕಿತ್ತೂರಿನ ಕಡೆಯ ಒಬ್ಬ ರೈತ ತಬ್ಬಿಬ್ಬಾಗಿ, "ಸರ, ಮೊನ್ನೆ ದೀಪಾವಳಿಗೆ ಮಾಡೇನ್ರಿ ಇದನ್ನ" ಎಂದ. ಹಾಗಾದರೆ ಬೇಡಿಕೆ ಇದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಸರ್ ಬರೆಸಿದರು. ಈಗಷ್ಟೇ ಹುಟ್ಟಿದ್ದಕ್ಕೆ ಹೋದ ವರ್ಷದ ಗಿರಾಕಿಗಳನ್ನು ಎಲ್ಲಿಂದ ತರುವುದು? ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಮೂರನೆಯ ಸಭೆಗೆ ಮುಂಚೆ ಬಂದವನು ಇಮಾಮಸಾಬ. ಮುರಗೋಡದಲ್ಲಿ ಟ್ರ್ಯಾಲಿ, ಕೂರಿಗೆ ರಿಪೇರಿ ಮಾಡುವ ಸಣ್ಣದೊಂದು ಶೆಡ್ಡು ಅವನದು. ಅವನು ಮಾಡಿದ್ದು ಕಡಲೆ ಗಾಡಿ. ನಮ್ಮ ಕಡೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕಡಲೆ ಗಿಡವನ್ನು ಬೆಳಗಿನ ಜಾವ, ಇಬ್ಬನಿ ಆರುವ ಮೊದಲು ಕೀಳಬೇಕು. ಬಿಸಿಲೇರಿದರೆ ಕಾಯಿ ಉದುರುತ್ತವೆ. ಆ ಇಬ್ಬನಿ ಬರೀ ನೀರಲ್ಲ, ಗಿಡದ ಹುಳಿ ಸೇರಿದ ನೀರು. ಕೀಳುವವರು ಹೆಂಗಸರು. ಹಳೆ ಸೀರೆಯ ಚಿಂದಿ ಸುತ್ತಿಕೊಂಡರೂ ನಾಲ್ಕು ದಿನದಲ್ಲಿ ಅಂಗೈ ಸುಲಿದು ಬಿರಿಯುತ್ತದೆ. ಇಮಾಮಸಾಬನ ಹೆಂಡತಿ ಹುಸೇನಬಿ ಪ್ರತಿ ಸುಗ್ಗಿಗೂ ಈ ಕೂಲಿಗೆ ಹೋಗುವವಳು.

"ಹೋದ ಸುಗ್ಗ್ಯಾಗ ಆಕಿಗಿ ರೊಟ್ಟಿ ಹಿಟ್ಟ ನಾದಾಕ ಆಗಲಿಲ್ರಿ ಅಕ್ಕಾರ" ಎಂದ ಇಮಾಮಸಾಬ. "ಬಿಸಿ ನೀರ ಮುಟ್ಟಿದ್ರ ಚೀರತಿದ್ಲು. ಎಂಟ ದಿನಾ ನಾನ ರೊಟ್ಟಿ ಬಡದ್ನಿ. ಒಂಬತ್ತನೇ ದಿನಾ ಗಾಡಿ ಮಾಡಾಕ ಕುಂತ್ನಿ."

ಎರಡು ಹಳೆ ಸೈಕಲ್ ಗಾಲಿ, ನೆಲದ ಮಟ್ಟಕ್ಕೆ ಬೇರು ಕತ್ತರಿಸುವ ಒಂದು ಅಗಲ ಅಲಗು, ಹಿಂದೆ ಗಿಡಗಳನ್ನು ಕೂಡಿಸಿ ಗುಡ್ಡೆ ಹಾಕುವ ಸರಳುಗಳು. ನಿಂತು ತಳ್ಳಿಕೊಂಡು ಹೋದರಾಯಿತು. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ನಡೆಯುತ್ತಿತ್ತು, ಕಲ್ಲು ಬೆರೆತ ಮಸಬು ನೆಲದಲ್ಲಿ ಅಲಗು ಎಗರುತ್ತಿತ್ತು. ಅದನ್ನು ತಿದ್ದಬೇಕು, ಬೇರೆ ಬೇರೆ ಹೊಲದಲ್ಲಿ ಆಡಿಸಿ ನೋಡಬೇಕು, ಅದಕ್ಕೆ ಎರಡು ಮೂರು ಸುಗ್ಗಿ ಬೇಕು. ಅಷ್ಟು ದಿನ ಶೆಡ್ಡಿನ ಕೆಲಸ ಬಿಟ್ಟು ಇದಕ್ಕೇ ಕೂತರೆ ಮನೆ ನಡೆಯುವುದಿಲ್ಲ. ಸುತ್ತೋಲೆ ಬರೆದವರು ಇವನನ್ನು ನೋಡಿಯೇ ಬರೆದಂತಿತ್ತು.

ಒಂದು ತೊಡಕಿತ್ತು. ಯಾವ ಯಂತ್ರದ ಅರ್ಜಿಯೇ ಆಗಲಿ ಮೂರು ಕಡೆಯ ಕೊಟೇಶನ್ ಇರಬೇಕು ಅನ್ನುವುದು ಕಚೇರಿಯ ಹಳೆಯ ನಿಯಮ. ಹೊಸ ಸುತ್ತೋಲೆ ಬಂದರೂ ಹಳೆಯ ಫಾರ್ಮು ಬದಲಾಗಿರಲಿಲ್ಲ. ಇಮಾಮಸಾಬನಿಗೆ ಹೇಳಿದೆ.

"ಇದನ್ನ ಮಾಡಾಂವ ನಾ ಒಬ್ಬನ ಅದೇನ್ರಿ. ಮೂರ ಮಂದೀನ ಎಲ್ಲಿಂದ ತರಲ್ರಿ ಅಕ್ಕಾರ?"

"ಹೆಂಗರ ಮಾಡಿ ತರ್ರಿ. ಕಾಗದ ಪೂರಾ ಇರಬೇಕು, ಅಷ್ಟ" ಅಂದೆ. ಅಂದವಳು ನಾನೇ. ನಮ್ಮ ಕಡೆ ಇದು ಎಲ್ಲರೂ ಆಡುವ ಮಾತು, ಎಲ್ಲರೂ ಮಾಡುವ ಕೆಲಸ. ಅವನು ಸವದತ್ತಿಯ ವೆಲ್ಡಿಂಗ್ ಅಂಗಡಿಯ ದೋಸ್ತನ ಹತ್ತಿರ ಒಂದು, ರಾಮದುರ್ಗದ ಭಾವನ ಹತ್ತಿರ ಇನ್ನೊಂದು ಬರೆಸಿಕೊಂಡು ಬಂದ. ತನ್ನ ದರ ಕಮ್ಮಿ ಕಾಣಲಿ ಅಂತ ಅವರಿಬ್ಬರಿಂದ ಸ್ವಲ್ಪ ಹೆಚ್ಚು ಬರೆಸಿದ್ದ. ಅವರಿಬ್ಬರೂ ಕಡಲೆ ಗಾಡಿಯನ್ನು ಕಣ್ಣಿನಿಂದ ನೋಡಿಯೂ ಇರಲಿಲ್ಲ.

ಸಭೆಯಲ್ಲಿ ಸರ್ ಮೂರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕನ್ನಡಕ ಒರೆಸಿದರು. ಮುಖ ಅರಳಿತು. "ಮುರಗೋಡ, ಸವದತ್ತಿ, ರಾಮದುರ್ಗ. ಮೂರೂ ಕಡೆ ಮಾಡಾಕತ್ತಾರ. ದರದಾಗ ಫರಕು ಐತಿ, ಅಂದ್ರ ಸ್ಪರ್ಧಾ ಛಲೋ ನಡದೈತಿ. ಇನ್ನ ಇದರಾಗ ಹೊಸಾದೇನೈತಿ? ನಮ್ಮ ಕೆಲಸೇನೈತಿ?" ಬ್ಯಾಂಕಿನವರು ತಲೆ ಅಲ್ಲಾಡಿಸಿದರು. ಕೃಷಿಯವರು ಇನ್ನೂ ಜೋರಾಗಿ ಅಲ್ಲಾಡಿಸಿದರು. ಬಾಗಿಲ ಹೊರಗೆ ಗಾಡಿಯ ಹಿಡಿಕೆ ಹಿಡಿದು ನಿಂತಿದ್ದ ಇಮಾಮಸಾಬನನ್ನು ಒಳಗೆ ಕರೆಯುವ ಪ್ರಸಂಗವೇ ಬರಲಿಲ್ಲ. ನಾನು ಬಾಯಿ ಬಿಟ್ಟರೆ ಸುಳ್ಳು ಕಾಗದದ ಮಾತು ಹೊರಗೆ ಬರುತ್ತಿತ್ತು. ಅವನ ಅರ್ಜಿ ಬಿದ್ದುಹೋಯಿತು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ತಪ್ಪು ನನ್ನದು, ಅವನದಲ್ಲ ಅಂದೆ. ಸರ್ ನನ್ನನ್ನು ಅಷ್ಟು ಕೆಟ್ಟದಾಗಿ ಯಾವತ್ತೂ ಬೈದಿರಲಿಲ್ಲ. "ನನ್ನ ಮುಂದ ಸುಳ್ಳ ಕಾಗದ ಇಟ್ಟಿ. ನಾ ಅದನ್ನ ಖರೇ ಅಂತ ತಿಳದು ಒಬ್ಬ ಮನಷ್ಯಾನ್ನ ಹೊರಗ ಹಾಕಿದ್ನಿ. ನಿನಗ ಇದನ್ನ ಕಲಿಸಿದ್ನೇನು ನಾ?" ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸರ್ ಸುಮಾರು ಹೊತ್ತು ಅಂಗಳದಲ್ಲಿ ಓಡಾಡಿದರು. ಆಮೇಲೆ ಬಂದು, "ಕಡಲಿ ಕೀಳೂದು ಯಾವಾಗ ಸುರು ಆಗತೈತಿ? ನಡಿ, ಹೋಗಿ ನೋಡೂನು" ಎಂದರು. ಬೇರೆ ಯಾರಾಗಿದ್ದರೂ ಸುಳ್ಳು ಕಾಗದದ ನೆಪದಲ್ಲಿ ಫೈಲು ಮುಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು. ಸರ್ ಹಾಗಲ್ಲ. ಹಾಗಲ್ಲ ಅನ್ನುವುದೇ ನನ್ನ ಸಂಕಟ.

ಸುಗ್ಗಿ ಸುರುವಾದ ವಾರ, ಕತ್ತಲು ಸರಿಯುವ ಮೊದಲೇ ಬೈಲಹೊಂಗಲದಿಂದ ಹೊರಟೆವು. ಮುರಗೋಡದ ಆಚೆ ಒಂದು ಹೊಲ. ಸರ್ ಮಫ್ಲರ್ ಸುತ್ತಿಕೊಂಡು, ಪ್ಯಾಂಟು ಮಡಚಿ, ಬದುವಿನ ಮೇಲೆ ನಿಂತರು. ಇಮಾಮಸಾಬ ಗಾಡಿ ತಳ್ಳಿದ. ಆಮೇಲೆ ಹುಸೇನಬಿ ತಳ್ಳಿದಳು. ಆಮೇಲೆ, ಎಲ್ಲರೂ ನಗುತ್ತಿದ್ದಂತೆ, ಸರ್ ತಾವೇ ಒಂದು ಸಾಲು ತಳ್ಳಿದರು. ಗಿಡಗಳು ಬುಡ ಬಿಟ್ಟು ಒರಗಿ, ಹಿಂದೆ ಗುಡ್ಡೆಯಾಗುತ್ತ ಬಂದವು. ಕೂಲಿಯ ಹೆಂಗಸರೆಲ್ಲ ಸುತ್ತ ನೆರೆದರು. ಒಬ್ಬ ಮುದುಕಿ ಕೈಯ ಚಿಂದಿ ಬಿಚ್ಚಿ ಅಂಗೈ ಮುಂದೆ ಹಿಡಿದಳು.

"ನೋಡ್ರಿ ಯಪ್ಪಾ. ಇಂಥಾ ಗಾಡಿ ಊರಿಗೊಂದ ನಾಲ್ಕ ಬಂದ್ರ ನಮ್ಮ ಕೈ ಉಳೀತಾವ."

ಸರ್ ಆ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದರು. ಅವರ ಕಣ್ಣು ಒದ್ದೆಯಾದವು, ಸುಳ್ಳು ಹೇಳುವುದಿಲ್ಲ. ನನಗಂತೂ ಗೆದ್ದಷ್ಟು ಸಂತೋಷವಾಯಿತು. ತಿರುಗಿ ಬರುವಾಗ ದಾರಿಯುದ್ದಕ್ಕೂ ಸರ್ ಗಾಡಿಯದೇ ಮಾತಾಡಿದರು. ಅಲಗಿನ ಓರೆ, ಗಾಲಿಯ ಎತ್ತರ, ಮಸಬು ನೆಲಕ್ಕೆ ಏನು ಮಾಡಬಹುದು. ಅಲಗಿನ ಹಿಂದೆ ಒಂದು ಸಣ್ಣ ಭಾರ ಕಟ್ಟಿದರೆ ಹೇಗೆ ಅಂತ ತಾವೇ ಪೆನ್ಸಿಲಿನಲ್ಲಿ ಚಿತ್ರ ಬರೆದು ತೋರಿಸಿದರು.

ವಾರ ಬಿಟ್ಟು ಮತ್ತೆ ಸಭೆ ಕರೆದರು. ಹಳೆಯ ಕೊಟೇಶನ್ ಬದಿಗಿಡಿ, ಅವು ಲೆಕ್ಕಕ್ಕಿಲ್ಲ, ಈ ಗಾಡಿ ಮಾಡುವವನು ನಾಲ್ಕೂ ತಾಲೂಕಿನಲ್ಲಿ ಇವನೊಬ್ಬನೇ ಎಂದು ತಾವೇ ಹೇಳಿದರು. ಹೊಲದಲ್ಲಿ ಕಂಡದ್ದನ್ನೆಲ್ಲ ವಿವರಿಸಿದರು. ಮುದುಕಿಯ ಅಂಗೈಯ ಮಾತೂ ಬಂತು. ಬ್ಯಾಂಕಿನವರು ಪೆನ್ನು ತೆಗೆದು ಸಿದ್ಧವಾದರು. ಆಗ ಸರ್ ಅಂದರು:

"ನಾ ಇಷ್ಟ ವರ್ಷದಾಗ ನೋಡಿದ್ರಾಗ ಭಾಳ ಛಲೋ ಸಾಧನ ಇದು. ಅದಕ್ಕ ಹೇಳಾಕತ್ತೇನಿ, ನಾವು ನಡಕ ಕೈ ಹಾಕೂದು ಬ್ಯಾಡ. ಛಲೋ ವಸ್ತು ತಾನ ಹರಡತೈತಿ. ಇಂಥಾದ್ದಕ್ಕ ಸರಕಾರ ಬೇಕಾಗಿಲ್ಲ. ಸರಕಾರ ಹೊಕ್ಕರ ಇದೂ ಒಲಿ ಹಂಗ ಆಗತೈತಿ. ಆ ಮನಷ್ಯಾನ್ನ ಅವನ ಪಾಡಿಗಿ ಬಿಡೂನು, ಎರಡ ವರ್ಷದಾಗ ಮನಿಮನಿಗಿ ಗಾಡಿ ಇರತೈತಿ."

ಬ್ಯಾಂಕಿನವರು ಪೆನ್ನನ್ನು ಮತ್ತೆ ಜೇಬಿಗೆ ಸೇರಿಸಿದರು. ಕೊಳ್ಳುವವರಿಲ್ಲದಿದ್ದರೆ ಬೇಡಿಕೆ ಇಲ್ಲ, ಅದಕ್ಕೆ ನೆರವು ಬೇಡ. ವಸ್ತು ಚೆನ್ನಾಗಿದ್ದರೆ ತಾನೇ ಹರಡುತ್ತದೆ, ಅದಕ್ಕೂ ನೆರವು ಬೇಡ. ಹಾಗಾದರೆ ಆ ಸಮಿತಿ ಯಾರಿಗಾಗಿ ಕೂತಿತ್ತು, ಹೇಳಿ. ಠರಾವಿನ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ಬರೆದು ಸಹಿ ಹಾಕಿದವಳು ನಾನು.

ಗಾಡಿ ಹರಡಲಿಲ್ಲ. ಇಮಾಮಸಾಬ ಹೊಲದ ಯಜಮಾನರ ಮನೆಗಳಿಗೆ ತಿರುಗಿದ. ಗಾಡಿ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಕೂಲಿಯವರು ಬರುತ್ತಾರಲ್ಲ, ನಮಗೇಕೆ ಎಂದರು. ಕೂಲಿಯ ಹೆಂಗಸರು ನಾಲ್ಕು ಜನ ಕೂಡಿ ಒಂದು ಕೊಳ್ಳುವ ಮಾತಾಡಿದರು, ಆದರೆ ಮಸಬು ಹೊಲದಲ್ಲಿ ಅಲಗು ಎಗರುವುದನ್ನು ನೋಡಿ ಹಿಂದೆ ಸರಿದರು. ಅದನ್ನು ತಿದ್ದಲು ಅವನಿಗೆ ಇನ್ನೊಂದು ಸುಗ್ಗಿಯ ಪುರುಸೊತ್ತು ಬೇಕಿತ್ತು, ಅದನ್ನು ಕೊಡುವವರು ಯಾರೂ ಇರಲಿಲ್ಲ. ಅವನು ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋದ. ಮರುವರ್ಷ ನಾನು ಮುರಗೋಡಕ್ಕೆ ಹೋದಾಗ ಶೆಡ್ಡಿಗೆ ಬೀಗ ಇತ್ತು. ಹುಸೇನಬಿ ಕಡಲೆ ಕಿತ್ತು ಬಂದು ಬಾಗಿಲಲ್ಲಿ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಬರ್ರಿ ಅಕ್ಕಾರ, ಕುಂದರ್ರಿ" ಅಂದಳು. ಗಾಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸರ್ ಕಾಯಿಲೆ ಬಿದ್ದ ಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ದಿಂಬಿಗೆ ಒರಗಿ ಕೂತು ಪೇಪರು ಓದಿಸಿ ಕೇಳುತ್ತಿದ್ದರು. ಒಂದು ಸಂಜೆ, ಪೇಪರಿನಲ್ಲಿ ಕಡಲೆಯ ದರದ ಸುದ್ದಿ ಬಂದದ್ದೇ ತಡ, ಕೈ ಎತ್ತಿ ಓದುವುದನ್ನು ನಿಲ್ಲಿಸಿದರು.

"ಆ ಮುರಗೋಡದವನ ಗಾಡಿ ಏನಾತು? ಎಷ್ಟ ಆಗ್ಯಾವು ಈಗ?"

"ಒಂದೂ ಇಲ್ಲ ಸರ. ಇದ್ದದ್ದನ್ನೂ ಬಿಚ್ಚಿ ಹಳೆ ಕಬ್ಬಿಣ ಕೊಳ್ಳೂ ಮೋಡಕಾದವಗ ಹಾಕ್ಯಾನ."

ಸರ್ ಪೇಪರು ಮಡಚಿಡು ಎಂದು ಸನ್ನೆ ಮಾಡಿದರು. ಅವರಿಗೆ ನಿಜವಾಗಿ ಬೇಸರವಾಗಿತ್ತು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಅಂದ್ರ ಬೇಡಿಕಿ ಇರಲಿಲ್ಲ" ಎಂದರು.

ಕಾಯಿಲೆಯವರ ಮುಂದೆ ದನಿ ಏರಿಸಬಾರದು ಅನ್ನುವುದು ನನಗೆ ಆ ಗಳಿಗೆಗೆ ಮರೆತುಹೋಯಿತು. "ಇತ್ತು ಸರ. ಬೇಡಿಕಿ ಇತ್ತು. ಆ ಮುದುಕಿ ನಿಮ್ಮ ಕೈಯಾಗ ಕೈ ಇಟ್ಟು ಕೇಳಿದ್ಲಲ್ಲ, ಅದು ಬೇಡಿಕಿ ಅಲ್ಲೇನು? ಕೈ ಸುಡೂದು ಒಬ್ಬರದು, ಕೊಳ್ಳೂ ರೊಕ್ಕ ಇನ್ನೊಬ್ಬರದು. ಕೈ ಸುಟ್ಟವರ ಮಾತು ಪ್ಯಾಟ್ಯಾಗ ಕೇಳಸೂದಿಲ್ಲ ಸರ. ಅದನ್ನ ಕೇಳಿಸಿಕೊಳ್ಳಾಕಂತನ ನಮ್ಮನ್ನ ಅಲ್ಲಿ ಕುಂದರಿಸಿದ್ರು. ನಾವು ಕೇಳಲಿಲ್ಲ."

ಅಮ್ಮ ಒಳಗಿನಿಂದ ಬಂದು ನಿಂತರು. ಏನೂ ಆಗಿಲ್ಲ ಅಂತ ಸರ್ ಅಮ್ಮನಿಗೆ ಕೈ ಮಾಡಿದರು. ನನ್ನನ್ನು ನೋಡುತ್ತಲೇ ಇದ್ದರು. ಸಿಟ್ಟಾಗಿರಲಿಲ್ಲ. ಕ್ಲಾಸಿನಲ್ಲಿ ಹೊಸ ಮಾತು ಕೇಳಿದಾಗ ಹೇಗೆ ನೋಡುತ್ತಿದ್ದರೋ ಹಾಗೆ.

"ಈ ಮಾತ ಸರಿ ಐತಿ" ಎಂದರು ನಿಧಾನಕ್ಕೆ. "ಇದನ್ನ ನೀ ಅವತ್ತ ಯಾಕ ಹೇಳಲಿಲ್ಲ? ಹೇಳಿದ್ರ ನಾ ಕೇಳತಿದ್ನಲ್ಲ."

"ನಿಮ್ಮ ಹೆದರಿಕಿ ಸರ" ಎಂದೆ.

ಅವರು ತಲೆ ಆಡಿಸಿದರು. ನಂಬಿದರು. ನನ್ನ ಮೇಲೆ ಕರುಣೆ ಬಂದಂತೆ ಕಂಡರು, ಇಂಥ ಹೆದರಿಕೆ ಹುಟ್ಟಿಸಿದ್ದು ತಮ್ಮ ತಪ್ಪು ಎಂಬಂತೆ ನನ್ನ ಕೈ ತಟ್ಟಿದರು. ಅದಾಗಿ ಹದಿನೆಂಟನೆಯ ದಿನಕ್ಕೆ ತೀರಿಕೊಂಡರು.

ನಾನು ಹೇಳಿದ್ದು ಸುಳ್ಳು. ಆ ಸಭೆಯಲ್ಲಿ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಕೊಟೇಶನ್ನಿನ ವಿಷಯ ಹೇಳಿಬಿಟ್ಟಿದ್ದರಿಂದ ಮುಚ್ಚಿಡಲು ಆಗ ಏನೂ ಉಳಿದಿರಲಿಲ್ಲ, ಸರ್ ಅಂದರೆ ಹೆದರುವ ವಯಸ್ಸೂ ನನ್ನದಲ್ಲ. ಛಲೋ ವಸ್ತು ತಾನೇ ಹರಡುತ್ತದೆ ಎಂದು ಅವರು ಅಂದಾಗ ನನಗದು ಸರಿ ಅನ್ನಿಸಿತು. ಎಷ್ಟು ಚೆಂದ ಹೇಳಿದರು ಎಂದು ಮನಸ್ಸಿನಲ್ಲಿ ಮೆಚ್ಚಿಕೊಂಡೆ ಕೂಡ. ಮೆಚ್ಚಿಕೊಂಡೇ ಠರಾವಿನ ಪುಸ್ತಕ ಹತ್ತಿರ ಎಳೆದುಕೊಂಡು ಬರೆದೆ. ಅವತ್ತಿನ ನನ್ನ ಅಕ್ಷರ ಬಹಳ ದುಂಡಗಿದೆ.